ಕ್ಷಿಪಣಿಯನ್ನು ಹೊಡೆಯುವ ಕ್ಷಿಪಣಿಗೆ ಸ್ವಂತ ಕಣ್ಣು ಯಾಕೆ?

ನೆಲದ ಮೇಲಿನ ದೊಡ್ಡ ರಾಡಾರ್ ಎಲ್ಲವನ್ನೂ ನೋಡುತ್ತದೆ, ನಮ್ಮ ಕ್ಷಿಪಣಿ ಅದು ಹೇಳಿದತ್ತ ಹೋಗಿ ಹೊಡೆಯುತ್ತದೆ ಎಂದು ಹಲವರು ನಂಬಿದ್ದಾರೆ. ಇದು ಅರ್ಧ ನಿಜ. ಮೊದಲ ಆಕಾಶ್ ಕ್ಷಿಪಣಿ ಹಾಗೆಯೇ ಕೆಲಸ ಮಾಡುತ್ತದೆ. ಅದಕ್ಕೆ ದಾರಿ ತೋರಿಸುವುದು ಬೆಂಗಳೂರಿನ ಎಲ್‌ಆರ್‌ಡಿಇ ರೂಪಿಸಿದ ರಾಜೇಂದ್ರ ರಾಡಾರ್.

ತೊಂದರೆ ಇರುವುದು ದೂರದಲ್ಲಿ. ರಾಡಾರ್ ದಿಕ್ಕನ್ನು ಅಳೆಯುವಾಗ ಒಂದು ಡಿಗ್ರಿಯ ಹತ್ತನೇ ಒಂದು ಭಾಗ ತಪ್ಪಿದರೂ, 50 ಕಿ.ಮೀ. ಆಚೆ ಅದು ಸುಮಾರು 87 ಮೀಟರ್ ಆಗುತ್ತದೆ. ವಿಮಾನ ದೊಡ್ಡದು, ನಿಧಾನ. ಎದುರಿಂದ ಬರುವ ಬ್ಯಾಲಿಸ್ಟಿಕ್ ಕ್ಷಿಪಣಿ ಹಾಗಲ್ಲ. ಎರಡೂ ಸೇರಿ ಸೆಕೆಂಡಿಗೆ 3 ಕಿ.ಮೀ.ಗಿಂತ ವೇಗವಾಗಿ ಹತ್ತಿರವಾಗುತ್ತಿದ್ದರೆ, ಕೊನೆಯ 10 ಕಿ.ಮೀ.ಗೆ ಮೂರು ಸೆಕೆಂಡು ಚಿಲ್ಲರೆ ಅಷ್ಟೇ.

ಕಬ್ಬೂರಿನ ಕಡೆ ರಾತ್ರಿ ಕಬ್ಬಿಗೆ ನೀರು ಹಾಯಿಸುವವರನ್ನು ಕೇಳಿ. ದಡದಿಂದ ಯಾರಾದರೂ ಕೂಗಿ ಹೇಳಿದರೆ ಸಾಲಿನ ತನಕ ಹೋಗಬಹುದು. ಒಡೆದ ಬದು ಹುಡುಕಲು ಕೈಯಲ್ಲೇ ಬ್ಯಾಟರಿ ಬೇಕು. ಕ್ಷಿಪಣಿಯ ಮೂತಿಯಲ್ಲಿರುವ ಆ ಬ್ಯಾಟರಿಯೇ ಸೀಕರ್, ಅಂದರೆ ಪುಟ್ಟ ರಾಡಾರ್. ಗುರಿಯ ದೂರ ಅರ್ಧವಾದರೆ ಮರಳಿ ಬರುವ ಅಲೆಯ ಬಲ 16 ಪಟ್ಟು ಹೆಚ್ಚುತ್ತದೆ. ಹಾಗಾಗಿ ಪುಟ್ಟದಾದರೂ ಹತ್ತಿರದಲ್ಲಿ ಅದು ಚುರುಕು.

ಆದರೆ ಮಾಡುವುದು ಸುಲಭವಲ್ಲ. 30 ಸೆಂ.ಮೀ. ಆಂಟೆನಾದಿಂದ 3 ಸೆಂ.ಮೀ. ಉದ್ದದ ಅಲೆ ಬಿಟ್ಟರೆ ಕಿರಣ ಆರೇಳು ಡಿಗ್ರಿಯಷ್ಟು ಹರಡುತ್ತದೆ. ಕಿರಣ ಸಣ್ಣದಾಗಬೇಕಾದರೆ ಅಲೆಯೂ ಗಿಡ್ಡವಾಗಬೇಕು. ಅಮೆರಿಕದ ಪ್ಯಾಕ್-3 ಸೀಕರ್ ಮಿಲಿಮೀಟರ್ ಅಲೆ ಬಳಸುವುದು ಅದಕ್ಕೇ. ಇನ್ನು ಮೂತಿಯ ಹೊದಿಕೆ. ಅದು ಬೆಂಕಿಯಂಥ ಬಿಸಿ ತಾಳಬೇಕು, ಅಲೆಯನ್ನು ಬಾಗಿಸದೆ ಒಳಬಿಡಬೇಕು. ಈ ಎರಡೂ ಒಂದೇ ವಸ್ತುವಿನಲ್ಲಿ ಸಿಗುವುದು ಅಪರೂಪ.

ಭಾರತದ ಎಎಡಿ 2007ರ ಡಿಸೆಂಬರ್ 6ರಂದು ಸುಮಾರು 15 ಕಿ.ಮೀ. ಎತ್ತರದಲ್ಲಿ ಗುರಿಯನ್ನು ಹೊಡೆಯಿತು. ಸ್ವದೇಶಿ ಸೀಕರ್ ಇರುವ ಆಕಾಶ್ ಪ್ರೈಮ್ 2021ರ ಸೆಪ್ಟೆಂಬರ್ 27ರಂದು ಚಾಂದೀಪುರದಲ್ಲಿ ಹಾರಿತು. ಇದು ವಿಮಾನ ಹೊಡೆಯುವ ಕ್ಷಿಪಣಿ, ಎರಡನ್ನೂ ಒಂದೇ ಎಂದುಕೊಳ್ಳಬೇಡಿ.

ಹಾಗೆಂದು ಸೀಕರ್ ಒಂದಿದ್ದರೆ ಸಾಕು ಎನ್ನುವುದೂ ತಪ್ಪೇ. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಪೇಟ್ರಿಯಟ್‌ನ ನೆಲದ ಕಂಪ್ಯೂಟರಿನ ಲೆಕ್ಕ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಜಾರಿತ್ತು. ರಾಡಾರ್ ಬೇರೆ ಕಡೆ ಹುಡುಕಿತು, ತಡೆಯುವ ಕ್ಷಿಪಣಿ ಹಾರಲೇ ಇಲ್ಲ. ಸ್ಕಡ್ ಬಿದ್ದು 28 ಸೈನಿಕರು ಸತ್ತರು.