ಅಜ್ಜಿಯ ಕಲ್ಲಿಗೆ ದಾಖಲೆ ಎಲ್ಲಿದೆ?

ಮೊನ್ನೆ ಊಟದ ಹೊತ್ತಲ್ಲಿ ನಮ್ಮ ಟೀಮಿನ ಹುಡುಗನೊಬ್ಬ ಹೇಳಿದ, ಅವನ ಕಸಿನ್ ಅಮೆರಿಕಾದಲ್ಲಿ ಧಾರ್ಮಿಕ ಸ್ವಾತಂತ್ರ್ಯದ ಮೇಲೆ ಪಿಎಚ್‌ಡಿ ಮಾಡ್ತಿದ್ದಾಳಂತೆ. "ಏನ್ ಉಪಯೋಗ ಸಾರ್ ಅದ್ರಿಂದ?" ಅಂದ. ಟೇಬಲ್ಲಿನವರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

ವಿನ್ನಿಫ್ರೆಡ್ ಸಲ್ಲಿವನ್ ಅಂತ ಒಬ್ಬ ವಿದ್ವಾಂಸೆ ಇದ್ದಾರೆ. ಮೊದಲು ವಕೀಲೆ, ಆಮೇಲೆ ಧರ್ಮದ ಅಧ್ಯಯನಕ್ಕೆ ಬಂದವರು. 1999ರಲ್ಲಿ ಫ್ಲಾರಿಡಾದ ಬೋಕಾ ರೇಟನ್ ಊರಿನ ಕೇಸಲ್ಲಿ ಸಾಕ್ಷಿ ಹೇಳಿದರು. ಅಲ್ಲಿನ ಮುನಿಸಿಪಾಲಿಟಿ ಸ್ಮಶಾನದಲ್ಲಿ ಸಮಾಧಿಗೆ ನೆಲಮಟ್ಟದ ಕಲ್ಲು ಮಾತ್ರ ಇಡಬೇಕು ಅಂತ ರೂಲು. ಜನ ಮಾತ್ರ ಶಿಲುಬೆ, ಮೂರ್ತಿ, ದಾವೀದನ ನಕ್ಷತ್ರ ನಿಲ್ಲಿಸಿದ್ದರು. ತೆಗೀರಿ ಅಂತು ಮುನಿಸಿಪಾಲಿಟಿ. ಇದು ನಮ್ಮ ಧರ್ಮ ಅಂದರು ಜನ. ಗ್ರಂಥದಲ್ಲಿ ಇಲ್ಲದಿದ್ದರೂ ಜನ ಬದುಕುವ ಧರ್ಮವೂ ಧರ್ಮವೇ ಅನ್ನೋದು ಸಲ್ಲಿವನ್ ವಾದ. ಜಡ್ಜ್ ಒಪ್ಪಲಿಲ್ಲ. ಇದೆಲ್ಲ ಅವರವರ ವೈಯಕ್ತಿಕ ಇಷ್ಟ ಅಂದುಬಿಟ್ಟರು.

ಮುಂದೆ ಅಯೋವಾದ ಒಂದು ಜೈಲಿನ ಕೇಸು. ಅಲ್ಲಿ ಇವ್ಯಾಂಜೆಲಿಕಲ್ ಕ್ರೈಸ್ತರ ಸಂಸ್ಥೆಯೊಂದು ಸರ್ಕಾರದ ದುಡ್ಡನ್ನೂ ಪಡೆದು ಕೈದಿಗಳನ್ನ ತಿದ್ದುವ ಕಾರ್ಯಕ್ರಮ ನಡೆಸ್ತಿತ್ತು. ಬೈಬಲ್ಲು, ಯೇಸುವಿನ ಜೊತೆ ನೇರ ಸಂಬಂಧ, ಮನಪರಿವರ್ತನೆ ಇವೇ ಅದರ ತಿರುಳು. ಆದರೂ ಸಂಸ್ಥೆ ಹೇಳಿದ್ದು, ನಾವು ಕಲಿಸೋದು ಎಲ್ಲರಿಗೂ ಒಪ್ಪುವ ಮೌಲ್ಯಗಳನ್ನ ಅಂತ. ಸಲ್ಲಿವನ್ ಅಲ್ಲೂ ಸಾಕ್ಷಿ. 2006ರಲ್ಲಿ ಕೋರ್ಟು ಆ ಕಾರ್ಯಕ್ರಮ ಸಂವಿಧಾನಕ್ಕೆ ವಿರುದ್ಧ ಅಂತು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಡಪಾಯಿಗಳ ಶಿಲುಬೆ "ಬರೀ ಇಷ್ಟ" ಆಗುತ್ತೆ, ಬಲ ಇರೋರ ಧರ್ಮ "ಎಲ್ಲರ ಮೌಲ್ಯ" ಅಂತ ಹೇಳಿಕೊಳ್ಳುತ್ತೆ. ಈ ಆಟವನ್ನ ಬಿಡಿಸಿ ತೋರಿಸೋಕೆ ಒಂದು ಜೀವಮಾನದ ಓದು ಬೇಕು.

ನಮ್ಮಲ್ಲೇನು ಬೇರೆಯಾ? ಉಡುಪಿಯ ಶಿರೂರು ಮಠದ ಕೇಸಲ್ಲಿ, 1954ರಲ್ಲಿ, ಧರ್ಮಕ್ಕೆ ಅತ್ಯಗತ್ಯವಾದದ್ದು ಯಾವುದು ಅನ್ನೋ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಬಂತು. ಆ ಧರ್ಮದ ತತ್ವಗಳನ್ನೇ ನೋಡಿ ತೀರ್ಮಾನಿಸಬೇಕು ಅಂತು ಕೋರ್ಟು. 2022ರಲ್ಲಿ ನಮ್ಮ ಹೈಕೋರ್ಟು ಹಿಜಾಬ್ ಅತ್ಯಗತ್ಯ ಅಲ್ಲ ಅಂದಿದ್ದೂ ಅದೇ ಅಳತೆಗೋಲಿನಿಂದ. ತೀರ್ಪು ನಿಮಗೆ ಇಷ್ಟವೋ ಇಲ್ಲವೋ, ಅಳತೆಗೋಲು ಮಾತ್ರ ಗ್ರಂಥ ಇರೋರಿಗಾಗಿಯೇ ಮಾಡಿದ್ದು.

ನಮ್ಮಜ್ಜಿಗೆ ಗ್ರಂಥ ಇರಲಿಲ್ಲ. ಊರಾಚೆ ಬೇವಿನ ಮರದ ಕೆಳಗೆ ಮೂರು ಕಲ್ಲು. ಗುಡಿಯಿಲ್ಲ, ಪೂಜಾರಿಯಿಲ್ಲ. ಮಂಗಳವಾರ ಅರಿಶಿನ ಹಚ್ಚಿ ಬರೋಳು, ಮಕ್ಕಳಿಗೆ ಜ್ವರ ಬಂದ್ರೆ ಹರಕೆ ಹೊರೋಳು. ರಸ್ತೆ ಅಗಲ ಮಾಡೋಕೆ ಬಂದೋರು ಕೇಳಿದ್ದು ಒಂದೇ ಮಾತು: "ದೇವಸ್ಥಾನ ಅನ್ನೋಕೆ ದಾಖಲೆ ಏನಿದೆ?" ಇರಲಿಲ್ಲ. ಜೆಸಿಬಿ ಹತ್ತು ನಿಮಿಷದಲ್ಲಿ ಕೆಲಸ ಮುಗಿಸ್ತು. ಅಜ್ಜಿ ಆ ಕಡೆ ಮತ್ತೆ ಹೋಗಲಿಲ್ಲ.

ಹಾಗಾದ್ರೆ ಯಾರು ಏನು ಹೇಳಿದ್ರೂ ಧರ್ಮ ಅಂತ ಒಪ್ಪಬೇಕಾ ಅಂತ ನೀವು ಕೇಳಬಹುದು. ಬೇಡ. ಗ್ರಂಥ ಕೇಳೋ ಮೊದಲು, ಇದರಿಂದ ಯಾರಿಗೆ ತೊಂದರೆ, ಎಷ್ಟು ತೊಂದರೆ ಅಂತ ಕೇಳಿ. ರಸ್ತೆ ಬೇಕೇ ಬೇಕು ಅಂದ್ರೆ ಆ ಮೂರು ಕಲ್ಲು ಎಲ್ಲಿಡಬೇಕು ಅಂತ ಅಜ್ಜಿಯನ್ನ ಕೇಳಿ.

ಅಷ್ಟು ಕೇಳುವ ಸೌಜನ್ಯ ಸರ್ಕಾರಕ್ಕೆ, ಕೋರ್ಟಿಗೆ ಬರೋ ತನಕ ಆ ಹುಡುಗಿ ಪಿಎಚ್‌ಡಿ ಮಾಡಲಿ ಬಿಡಿ. ನಾವು ಬರೆದ ಆ್ಯಪ್ ಮುಂದಿನ ವರ್ಷ ಯಾರ ಫೋನಲ್ಲೂ ಇರಲ್ಲ.