ತೋರಣದ ದೀಪವೂ ಮಾಣಿಯ ಕೈಯೂ

ಚೌತಿ ಬಂತೆಂದರೆ ಮುಂಬಯಿಯ ಹೋಟೆಲುಗಳ ಮುಂಗಟ್ಟಿಗೂ ಚಾಳುಗಳ ಗ್ಯಾಲರಿಗೂ ದೀಪದ ಸರ ಏರುತ್ತದೆ. ಹಲವೆಡೆ ದೀಪಾವಳಿ ಮುಗಿಯುವವರೆಗೆ ಅದು ಇಳಿಯುವುದಿಲ್ಲ. ಲೋಹಾರ ಚಾಳಿನಿಂದ ಅಗ್ಗಕ್ಕೆ ತಂದ ಸರ ನಾಲ್ಕು ದಿನ ಉರಿದು ಐದನೆಯ ದಿನ ಕೈಕೊಟ್ಟಿತೋ, ಗಲ್ಲಾದಿಂದ ಕೂಗು ಬರುತ್ತದೆ: "ಏ ಮಾಣಿ, ಆ ಲೈಟಿಗೆ ಏನಾಗಿದೆ ನೋಡು!" ಮೇಜು ಒರೆಸುತ್ತಿದ್ದ ಹುಡುಗ ಒದ್ದೆ ಕೈಯಲ್ಲೇ ಸ್ಟೂಲು ಹತ್ತುತ್ತಾನೆ. ಇದು ನಿಲ್ಲಬೇಕೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ.

ಸೀರಿಯಲ್ ಸೆಟ್ಟಿನಲ್ಲಿ ಬಲ್ಬುಗಳನ್ನು ಹೂವಿನಂತೆ ಒಂದರ ಹಿಂದೊಂದು ಪೋಣಿಸಿರುತ್ತಾರೆ. 230 ವೋಲ್ಟನ್ನು 40 ಬಲ್ಬುಗಳು ಹಂಚಿಕೊಂಡರೆ ಒಂದರ ಪಾಲಿಗೆ ಆರಕ್ಕಿಂತ ತುಸು ಕಡಿಮೆ. ಸರ ಉದ್ದವಾಯಿತೆಂದು 10 ಬಲ್ಬು ಕತ್ತರಿಸಿ ತುದಿ ಜೋಡಿಸಿದರೆ ಉಳಿದವುಗಳ ಪಾಲು ಏಳೂವರೆ ದಾಟುತ್ತದೆ. 20 ಕತ್ತರಿಸಿದರೆ ಹನ್ನೊಂದೂವರೆ. ಎಂಥ ಬೆಳಕು ಎಂದು ಹಿಗ್ಗುವಷ್ಟರಲ್ಲಿ ಬಲ್ಬು ಕಾದು ಸುಡುತ್ತದೆ. ಕೆಟ್ಟ ಬಲ್ಬಿನ ಜಾಗದಲ್ಲಿ ತಂತಿ ತುರುಕುವುದೂ ಇದೇ ದಾರಿ. ನಲವತ್ತು ಜನರ ಕೆಲಸವನ್ನು ಇಪ್ಪತ್ತು ಜನರ ಮೇಲೆ ಹೇರಿದರೆ ಏನಾಗುವುದೆಂದು ನಮ್ಮ ಓದುಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ!

ಒಂದು ಬಲ್ಬಿನ ತಂತು ಕಡಿದರೆ ಸಾಮಾನ್ಯವಾಗಿ ಇಡೀ ಸರವೇ ಕತ್ತಲು. ಕತ್ತಲೆಯಾಯಿತು, ಹಾಗಾದರೆ ಕರೆಂಟಿಲ್ಲ ಎಂಬ ಭ್ರಮೆಯೇ ಪ್ರಾಣಕ್ಕೆ ಎರವಾಗುವುದು. ಆರು ವೋಲ್ಟಿನ ಪಾಲು ಉರಿಯುವಾಗ ಮಾತ್ರ. ಆರಿದ ಮೇಲೆ ಕಡಿದ ಆ ಒಂದೇ ಜಾಗದಲ್ಲಿ ಪೂರಾ 230 ವೋಲ್ಟು ಬಂದು ನಿಂತಿರುತ್ತದೆ. ಸ್ವಿಚ್ಚು ಆರಿಸಿದರೆ ಸಾಲದು. ಹಳೆಯ ಕಟ್ಟಡಗಳಲ್ಲಿ ಸ್ವಿಚ್ಚು ಯಾವ ತಂತಿಯ ಮೇಲಿದೆಯೋ ಬಲ್ಲವರಾರು? ಪ್ಲಗ್ಗನ್ನೇ ಕಿತ್ತಿಡಬೇಕು.

1982ರ ಮುಷ್ಕರದ ಬಳಿಕ ಒಂದೊಂದಾಗಿ ಮುಚ್ಚಿಹೋದ ಗಿರಣಿಗಳಲ್ಲಿ ಮಗ್ಗ ನಡೆಸಿದ ಹಿರಿಯರು ನಮ್ಮಲ್ಲಿದ್ದಾರೆ. ಕಡಿದ ಎಳೆಯನ್ನು ಹುಡುಕುವ ತಾಳ್ಮೆ ಅವರಿಗೆ ಹೊಸದಲ್ಲ. ಇಲ್ಲಿಯೂ ಹಾಗೆಯೇ. ಸರವನ್ನು ಕೆಳಗಿಳಿಸಿ, ಒಣಗಿದ ಮೇಜಿನ ಮೇಲೆ ಹಾಸಿ, ಕಪ್ಪಾದ ಬಲ್ಬು, ಸಡಿಲ ಬಲ್ಬು, ಪ್ಲಗ್ಗಿನ ಬುಡದಲ್ಲಿ ಜಗ್ಗಿದ ವಯರು ಇವನ್ನು ಮೊದಲು ನೋಡಬೇಕು. ಕಾಣದಿದ್ದರೆ ನಡುವಿನ ಬಲ್ಬು ತೆಗೆದು, ಯಾವ ಅರ್ಧ ಕಡಿದಿದೆಯೆಂದು ಮೀಟರಿನಿಂದ ಅಳೆಯಬೇಕು. ಆ ಅರ್ಧವನ್ನು ಮತ್ತೆ ಅರ್ಧ ಮಾಡಬೇಕು. 40 ಬಲ್ಬಿನ ಸಾದಾ ಸರಕ್ಕೆ ಆರೇಳು ಸಲ ಅಳೆದರೆ ಸಾಕು. ಹೊಸ ಬಲ್ಬು ಅದೇ ವೋಲ್ಟಿನದಾಗಿರಬೇಕು.

ಉದ್ದ ಹೆಚ್ಚಾದರೆ ಕತ್ತರಿಸದೆ ಮಡಿಸಿ ಕಟ್ಟುವುದೇ ಲೇಸು. ಕಾಯುವ ಬಲ್ಬುಗಳನ್ನು ಮಾತ್ರ ಒಂದೇ ಗಂಟಾಗಿ ಕಟ್ಟಬಾರದು. ಎಲ್‌ಇಡಿ ಸರಗಳೂ ಈ ಜಾತಿಯವೇ, ಎಣಿಕೆ ಇಳಿಸಿದರೆ ಉಳಿದವಕ್ಕೆ ಧಾರೆ ಏರುತ್ತದೆ. 12 ವೋಲ್ಟಿನ ಎಲ್‌ಇಡಿ ಪಟ್ಟಿಯ ಮಾತು ಬೇರೆ. ಅದರ ಮೇಲೆ ಕತ್ತರಿಯ ಗುರುತು ಇರುವಲ್ಲಿ ಕತ್ತರಿಸಬಹುದು.

ಚಾಳಿನ ಬಂಧುಗಳಿಗೆ ಇನ್ನೊಂದು ಮಾತು. ಚೌತಿಯೆಂದರೆ ಮಳೆಗಾಲ. ಬರಿಯ ಟೇಪು ಸುತ್ತಿದ ಜೋಡಣೆಯನ್ನು ಗ್ಯಾಲರಿಯ ಕಬ್ಬಿಣದ ಕಟಕಟೆಗೆ ಬಿಗಿದರೆ, ಟೇಪು ಬಿಚ್ಚಿದ ದಿನ ಇಡೀ ಕಟಕಟೆಗೆ ಕರೆಂಟು. ಅದನ್ನು ಹಿಡಿದು ಆಡುವವರು ನಮ್ಮ ಮಕ್ಕಳು.

ಹೋಟೆಲಿನ ಮಾಲಿಕರು ವಯರಮನ್ನನಿಗೆ ಕೊಡುವ ಹಣ ಉಳಿಸಲು ಮಾಣಿಯನ್ನು ಹತ್ತಿಸಬಾರದು. ಲೈಟಿನ ದುರಸ್ತಿ ಅವನ ಸಂಬಳದ ಕೆಲಸವಲ್ಲ, ಒಲ್ಲೆನೆಂದರೆ ಅದು ಉದ್ಧಟತನವೂ ಅಲ್ಲ. ಅವನು ಒಬ್ಬನೇ ಹೇಳಲಾರ; ಅವನ ಪರವಾಗಿ ಸಂಘ ಹೇಳಬೇಕು. 30 ಮಿಲಿಆಂಪಿಯರಿಗೆ ಕಡಿತಗೊಳ್ಳುವ ಆರ್‌ಸಿಸಿಬಿ ಇಲ್ಲದ ಹೋಟೆಲಿನಲ್ಲಿ ಅದನ್ನು ಹಾಕಿಸುವಂತೆಯೂ ಕೇಳಬೇಕು. ನಮ್ಮ ಮನೆಗಳ ಸರಗಳಿಗಾಗಿ ಒಂದು ಮೀಟರು ಸಂಘದ ಕೋಣೆಯಲ್ಲಿರಲಿ. ಚೌತಿಗೆ ಮುಂಚಿನ ಭಾನುವಾರ ವಯರಿಂಗ್ ಬಲ್ಲ ಸದಸ್ಯರೊಬ್ಬರು ಬೆಳಿಗ್ಗೆ ಕುಳಿತರೆ, ಅವರವರ ಸರವನ್ನು ಅವರವರು ತಂದು ತೋರಿಸಬಹುದು.