ನೂಲು ಆಟದ ಸಾಮಾನೇ?

ವಾರ್ಷಿಕ ಸಂಚಿಕೆಗೆ ಒಂದು ಲೇಖನ ಬರೆದುಕೊಡಿರೆಂದು ಸಂಪಾದಕರು ಕೇಳಿದಾಗ, ಅಂತಿಮ ಬಿ.ಎ. ತರಗತಿಯಲ್ಲಿರುವ ನಾನು ಯಾವುದಾದರೊಂದು ಗಂಭೀರ ವಿಷಯವನ್ನು ಆರಿಸಿಕೊಳ್ಳುವೆನೆಂದು ಅವರು ಎಣಿಸಿದ್ದಿರಬೇಕು. ಬತ್ತಿ, ದಾರ, ಹರಕು ಬನಿಯನ್ನುಗಳ ವಿಚಾರ ಬರೆಯುತ್ತೇನೆಂದಾಗ ಅವರು ನಕ್ಕರು. ನಗಲಿ. ಕಳೆದ ದಸರೆಯ ರಜೆಯಲ್ಲಿ ನಮ್ಮ ಮನೆಯಲ್ಲಿ ಒಂದು ತಕಲಿಯ ನೆವದಿಂದ ಎದ್ದ ವಾದ ಇನ್ನೂ ಮುಗಿದಿಲ್ಲ. ಆ ವಾದದಲ್ಲಿ ನನ್ನ ಪಕ್ಷವನ್ನು ಇಲ್ಲಿ ಹೇಳಬೇಕೆಂದಿದ್ದೇನೆ, ಎದುರುಪಕ್ಷವನ್ನೂ ಮುಚ್ಚಿಡುವುದಿಲ್ಲ.

ನಮ್ಮ ಊರು ಗುಳೇದಗುಡ್ಡ. ಖಣಕ್ಕೆ ಹೆಸರಾದ ಊರು. ನಮ್ಮದು ನೇಕಾರರ ಮನೆ, ಅಂದರೆ ಆಗಿತ್ತು. ನಡುಮನೆಯಲ್ಲಿದ್ದ ಕುಣಿಮಗ್ಗವನ್ನು ಕಿತ್ತು, ಕುಣಿಗೆ ಮಣ್ಣು ತುಂಬಿ, ಮೇಲೆ ಫರಸಿ ಹಾಸಿದಾಗ ನಾನು ಇನ್ನೂ ಕನ್ನಡ ಸಾಲೆಯಲ್ಲಿದ್ದೆ. ಈಗಲೂ ಆ ಜಾಗದಲ್ಲಿ ಹೆಜ್ಜೆ ಇಟ್ಟರೆ ಫರಸಿಯ ಸದ್ದು ಬೇರೆಯಾಗಿ ಕೇಳುತ್ತದೆ. ಅಪ್ಪ ಈಗ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾರೆ.

ರಜೆಗೆಂದು ಹುಬ್ಬಳ್ಳಿಯಿಂದ ಅಕ್ಕ ಮಕ್ಕಳೊಡನೆ ಬಂದಿದ್ದಳು. ಹುಡುಗಿಗೆ ಒಂಬತ್ತು ವರ್ಷ, ಹುಡುಗನಿಗೆ ಆರು. ಜೊತೆಗೆ ಒಂದು ಬಣ್ಣದ ಪೆಟ್ಟಿಗೆ ಬಂದಿತ್ತು. ಅದರೊಳಗೆ ಕತ್ತರಿಸಿಟ್ಟ ಕಾಗದ, ಅಂಟಿಸಿಟ್ಟ ಅಂಚು, ಅಳತೆ ಮಾಡಿಟ್ಟ ಉಲ್ಲನ್ ದಾರ. ಎಲ್ಲಿ ಮಡಿಸಬೇಕು, ಎಲ್ಲಿ ಒತ್ತಬೇಕು ಎಂಬುದಕ್ಕೂ ಗೆರೆ. ಬೆಲೆ ನಾನೂರು ರೂಪಾಯಿಗೆ ಮೇಲೆ. ಒಂದು ಗೂಬೆಯನ್ನು ಮಾಡುವುದಕ್ಕೆ ಒಂದು ಗಂಟೆಯೂ ಹಿಡಿಯಲಿಲ್ಲ. ಗೂಬೆ ಪೆಟ್ಟಿಗೆಯ ಮೇಲಿನ ಚಿತ್ರದ ಹಾಗೆಯೇ ಆಯಿತು, ಅದೇ ಅದರ ದೋಷ. ಮಕ್ಕಳು ಅದನ್ನು ಕಿಟಕಿಯ ಮೇಲಿಟ್ಟು ಮತ್ತೆ ಮೊಬೈಲಿಗೆ ಕೈಚಾಚಿದರು.

ಆ ಮೊಬೈಲನ್ನು ಬೈದು ಒಂದು ಪುಟ ತುಂಬಿಸುವುದು ಸುಲಭ. ಅದನ್ನು ಎಲ್ಲರೂ ಮಾಡಿದ್ದಾರೆ. ನಾನು ಮಾಡಿದ್ದು ಇಷ್ಟೆ: ಪರಿಚಯದ ರೈತರೊಬ್ಬರ ಮನೆಯಿಂದ ಎರಡು ಹಿಡಿ ಹತ್ತಿ ತಂದೆ, ಬೀಜ ಬಿಡಿಸದ ಹತ್ತಿ. ಮಣೆಯ ಮೇಲೆ ಹತ್ತಿಯನ್ನಿಟ್ಟು ಕಬ್ಬಿಣದ ಸಣ್ಣ ಸಲಾಕೆಯನ್ನು ಒತ್ತಿ ಉರುಳಿಸಿದರೆ ಬೀಜ ಮುಂದಕ್ಕೆ ಜಾರಿ ಹೊರಗೆ ಬೀಳುತ್ತದೆ, ಅರಳೆ ಹಿಂದೆ ಉಳಿಯುತ್ತದೆ. ಆರು ವರ್ಷದವನಿಗೆ ಇದೊಂದೇ ಕೆಲಸ ಒಂದು ಇಡೀ ಮಧ್ಯಾಹ್ನಕ್ಕೆ ಸಾಕಾಯಿತು. ಬೀಜಗಳನ್ನು ಎಣಿಸಿ ಡಬ್ಬಿಯಲ್ಲಿ ತುಂಬಿಕೊಂಡ. ಅದು ಅವನ ಆಸ್ತಿ.

ಬಳಿಕ ಅರಳೆಯನ್ನು ಬೆರಳಿನಿಂದ ಬಿಡಿಬಿಡಿಯಾಗಿ ಹಿಂಜಿ, ಊದಿನಕಡ್ಡಿಗೆ ಸುತ್ತಿ ಮೆಲ್ಲಗೆ ಉರುಳಿಸಿ, ಕಡ್ಡಿಯನ್ನು ಎಳೆದುಕೊಂಡರೆ ಹಂಜಿ ಸಿದ್ಧ. ತಕಲಿಗೆ ಒಂದು ಗೇಣು ಉದ್ದದ ಬಿದಿರುಕಡ್ಡಿ. ಕೆಳಗಡೆ ತೂಕಕ್ಕೆ ಕರಟದಿಂದ ಕೆತ್ತಿದ ದುಂಡನೆಯ ಬಿಲ್ಲೆ. ಮೇಲ್ತುದಿಯಲ್ಲಿ ದಾರ ಸಿಕ್ಕಿಸಲು ಚಾಕುವಿನಿಂದ ಒಂದು ಕಚ್ಚು. ಬಿಲ್ಲೆಯ ತೂತು ನಡುಮಧ್ಯದಲ್ಲಿರದಿದ್ದರೆ ತಕಲಿ ಕುಡಿದವನಂತೆ ತೂರಾಡುತ್ತದೆ. ನನ್ನ ಮೊದಲಿನ ಎರಡು ಹಾಗೆಯೇ ತೂರಾಡಿದವು. ಕೆಳತುದಿಯನ್ನು ಇನ್ನೊಂದು ಕರಟದ ಒಳಗಿಟ್ಟು ತಿರುಗಿಸಿದರೆ ಮಕ್ಕಳ ಕೈಗೆ ಸುಲಭ. ತೂಗಾಡುವ ತಕಲಿಯ ಭಾರಕ್ಕೆ ಅವರ ಎಳೆ ತಡೆಯುವುದಿಲ್ಲ.

ನೂಲುವುದರ ಗುಟ್ಟು ಇರುವುದು ಹುರಿಯಲ್ಲಿ. ಹತ್ತಿಯ ಒಂದು ಎಳೆಯ ಉದ್ದ ಸುಮಾರು ಒಂದು ಅಂಗುಲ. ಅಂಥ ಗಿಡ್ಡ ಎಳೆಗಳಿಂದ ಮೈಲಿಗಟ್ಟಲೆ ದಾರ ಹೇಗಾಗುತ್ತದೆ? ಹುಡುಗಿಯ ಕೈಗೆ ಹಂಜಿಯ ತುದಿಯನ್ನು ಕೊಟ್ಟು ಎಳೆಯಲು ಹೇಳಿದೆ. ಬೆಣ್ಣೆಯಂತೆ ಬಿಟ್ಟುಕೊಂಡು ಬಂತು. ಅದೇ ತುದಿಯನ್ನು ಬೆರಳಲ್ಲಿ ಹತ್ತು ಸಲ ಹೊಸೆದು ಎಳೆಯಲು ಹೇಳಿದೆ, ಬರಲಿಲ್ಲ. ಹುರಿ ಬಿದ್ದಾಗ ಎಳೆಗಳು ಒಂದನ್ನೊಂದು ಅದುಮಿ ಹಿಡಿಯುತ್ತವೆ. ಎಳೆದಷ್ಟೂ ಅವುಗಳ ಪಟ್ಟು ಬಿಗಿಯಾಗುತ್ತದೆ. ಹುರಿ ಹೆಚ್ಚಾದರೆ ದಾರ ತನ್ನಷ್ಟಕ್ಕೆ ತಾನೇ ಮುರುಟಿಕೊಂಡು ಗಂಟಾಗುತ್ತದೆ. ಹೀಗೆ ಬಲಕ್ಕೆ ಹುರಿಗೊಂಡ ಎರಡು ಎಳೆಗಳನ್ನು ಜೊತೆಗೂಡಿಸಿ ಎಡಕ್ಕೆ ತಿರುಗಿಸಿದರೆ ಅವು ಒಂದನ್ನೊಂದು ಬಿಡಿಸಲು ಹೋಗಿ ತಬ್ಬಿಕೊಂಡುಬಿಡುತ್ತವೆ. ಹಗ್ಗದ ಶಾಸ್ತ್ರವೆಲ್ಲ ಇಷ್ಟೆ. ಭೌತಶಾಸ್ತ್ರದ ಘರ್ಷಣೆಯ ಪಾಠ ನನಗೆ ಹತ್ತನೆಯ ತರಗತಿಯಲ್ಲಿ ಅರ್ಥವಾಗಿರಲಿಲ್ಲ. ಈ ಹುಡುಗಿಗೆ ಜಗಲಿಯ ಮೇಲೆ ಅರ್ಥವಾಯಿತು.

ಹತ್ತಿ ಸಿಗದ ಪಟ್ಟಣದವರು ಹತಾಶರಾಗಬೇಕಾಗಿಲ್ಲ. ಅಪ್ಪನ ಹಳೆಯ ಬನಿಯನ್ ಒಂದಿದ್ದರೆ ಸಾಕು. ತೋಳಿನ ಕೆಳಗೆ ಅಡ್ಡ ಕತ್ತರಿಸಿದರೆ ಒಂದು ಕೊಳವೆ ಉಳಿಯುತ್ತದೆ. ಅದರ ಕೆಳಗಿನ ಅಂಚಿನಿಂದ ಆರಂಭಿಸಿ, ಒಂದು ಅಂಗುಲ ಅಗಲದಲ್ಲಿ ಸುತ್ತುಸುತ್ತಾಗಿ, ನಡುವೆ ತುಂಡಾಗದಂತೆ ಕತ್ತರಿಸಿಕೊಂಡು ಹೋಗಬೇಕು. ಆ ಪಟ್ಟಿಯನ್ನು ಜಗ್ಗಿದರೆ ಅಂಚುಗಳು ಒಳಕ್ಕೆ ಸುರುಳಿಗೊಂಡು ದುಂಡನೆಯ ದಪ್ಪ ದಾರವಾಗುತ್ತದೆ. ಮೂರು ಪಟ್ಟಿಗಳನ್ನು ಜಡೆಯಂತೆ ಹೆಣೆದು, ಸುತ್ತಿ, ಸೂಜಿಯಿಂದ ಹೊಲಿದರೆ ಬಾಗಿಲ ಬಳಿಯ ಕಾಲೊರಸು. ನಮ್ಮ ಉತ್ತರ ಕರ್ನಾಟಕದ ಹೆಂಗಸರು ಹಳೆಯ ಸೀರೆಗಳಿಂದ ಕೌದಿ ಹೊಲಿದದ್ದು ಇದೇ ಬುದ್ಧಿಯಿಂದ. ಅದನ್ನು ಯಾರೂ ಆಗ ಕಲೆಯೆಂದು ಕರೆಯಲಿಲ್ಲ, ಚಳಿಯಾಗುತ್ತಿತ್ತು, ಹೊಲಿದರು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಅಂಗಡಿಯಲ್ಲಿ ಉಲ್ಲನ್ ಎಂದು ಸಿಗುವ ಅಗ್ಗದ ದಾರದಲ್ಲಿ ಬಹುಪಾಲು ಕುರಿಯ ಉಣ್ಣೆಯಲ್ಲ, ಅಕ್ರಿಲಿಕ್. ತೋರಣಕ್ಕೆ, ಗೊಂಡೆಗೆ, ಆಕಾಶಬುಟ್ಟಿಯ ಬಾಲಕ್ಕೆ ಅದು ನಡೆದೀತು. ದೀಪದ ಬತ್ತಿಗೆ ಕೂಡದು. ದೊಡ್ಡವರು ಒಂದು ಚೂರನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಿದರೆ ತಿಳಿಯುತ್ತದೆ. ಹತ್ತಿ ಕಾಗದ ಸುಟ್ಟ ವಾಸನೆ ಬಿಟ್ಟು ಬೂದಿಯಾಗುತ್ತದೆ. ಉಣ್ಣೆ ಕೂದಲು ಸುಟ್ಟಂತೆ ನಾರುತ್ತದೆ. ಕೃತಕ ದಾರ ಕರಗಿ ಗಟ್ಟಿ ಮಣಿಯಾಗುತ್ತದೆ.

ಇನ್ನು ಎದುರುಪಕ್ಷ.

ಮೂರನೆಯ ದಿನ ಸಂಜೆ ಅಪ್ಪ ಅಂಗಡಿಯಿಂದ ಬಂದರು. ಜಗಲಿಯ ತುಂಬ ಅರಳೆ. ಮೊಮ್ಮಗಳು ತಕಲಿ ತಿರುಗಿಸುತ್ತಿದ್ದಾಳೆ, ಮೊಮ್ಮಗ ಬತ್ತಿ ಹೊಸೆಯುತ್ತಿದ್ದಾನೆ. ಹಿಗ್ಗುವರೆಂದು ನಾನು ತಿಳಿದಿದ್ದೆ. ಅವರು ಚಪ್ಪಲಿ ಬಿಡುತ್ತ ನನ್ನ ಮುಖ ನೋಡದೆ ಹೇಳಿದರು:

“ನೂಲು ಆಟದ ಸಾಮಾನೇನಪಾ? ನನ್ನ ಕೈಯಾಗ ರಾಟಿ ಬಂದಾಗ ನನಗ ಇವನಷ್ಟ ವಯಸ್ಸು. ಸಾಲಿಗೆ ಹೋಗೂಕಿಂತ ಮೊದಲ ಕಂಡಿಕಿ ಸುತ್ತಿ ಇಡಬೇಕು. ಸುತ್ತಲಿಲ್ಲಂದ್ರ ನಮ್ಮಪ್ಪನ ಲಾಳಿ ನಿಲ್ಲತಿತ್ತು. ಲಾಳಿ ನಿಂತ್ರ ಒಲಿ ನಿಲ್ಲತಿತ್ತು. ಅದನ್ನ ಬಿಡಸಬೇಕಂತ ನಿನ್ನ ಕಾಲೇಜಿಗೆ ಕಳಿಸೀನಿ. ನೀ ತಿರುಗಿ ಅದನ್ನ ಹುಡುಗರ ಕೈಯಾಗ ಕೊಟ್ಟೀಯಲ್ಲ.”

ನಾನು ಸುಮ್ಮನಾದೆ. ಸಿದ್ಧಪಡಿಸಿಟ್ಟಿದ್ದ ಉತ್ತರಗಳಾವುವೂ ಈ ಮಾತಿಗೆ ಸಾಲುವಂತಿರಲಿಲ್ಲ. ಗ್ರಾಮೀಣ ಕಲೆ, ಪರಂಪರೆ, ಸ್ವಾವಲಂಬನೆ ಎಂದು ಭಾಷಣ ಸ್ಪರ್ಧೆಯಲ್ಲಿ ನಾನೂ ಬಹುಮಾನ ಪಡೆದಿದ್ದೇನೆ. ಆ ಭಾಷಣದಲ್ಲಿ ಬೆಳಗಿನ ಜಾವ ರಾಟೆಯ ಮುಂದೆ ತೂಕಡಿಸುವ ಆರು ವರ್ಷದ ಹುಡುಗ ಇರಲಿಲ್ಲ.

ಇದು ನಮ್ಮ ಮನೆಯ ಮಾತಷ್ಟೇ ಅಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯವರು ಮೂಲಶಿಕ್ಷಣದ ಯೋಜನೆಯನ್ನು ಮುಂದಿಟ್ಟಾಗ, ಮಕ್ಕಳ ಕೈಕೆಲಸದ ಉತ್ಪತ್ತಿಯಿಂದಲೇ ಶಾಲೆಯ ಖರ್ಚು ಹೊರಡಬೇಕೆಂಬ ಅಂಶಕ್ಕೆ ಆಗಲೇ ಆಕ್ಷೇಪಣೆ ಬಂದಿತ್ತು: ಹೀಗಾದರೆ ಶಾಲೆ ಕಾರ್ಖಾನೆಯಾಗುವುದಿಲ್ಲವೇ ಎಂದು. ಅತ್ತ ಕಾನೂನನ್ನು ನೋಡಿ. 14 ವರ್ಷದೊಳಗಿನ ಮಕ್ಕಳನ್ನು ಯಾವ ಉದ್ಯೋಗಕ್ಕೂ ಹಚ್ಚಬಾರದೆಂದು 2016ರ ತಿದ್ದುಪಡಿ ಹೇಳುತ್ತದೆ. ಆದರೆ ಶಾಲೆಯ ಹೊತ್ತು ಮುಗಿದ ಮೇಲೆ ಅಥವಾ ರಜೆಯಲ್ಲಿ, ಅಪಾಯಕರವಲ್ಲದ ಮನೆತನದ ಉದ್ಯೋಗದಲ್ಲಿ ಮಗು ಕೈಜೋಡಿಸಬಹುದೆಂದು ಒಂದು ಬಾಗಿಲನ್ನು ತೆರೆದಿಟ್ಟಿದೆ. ರಜೆ ಎಂಬ ಮಾತು ಅಲ್ಲಿಯೂ ಇದೆ! ಒಬ್ಬರ ರಜೆಯ ಆಟ ಇನ್ನೊಬ್ಬರ ಮನೆಯಲ್ಲಿ ರಜೆಯ ದುಡಿಮೆ.

ಹಾಗಾದರೆ ನಾನು ತಕಲಿಯನ್ನು ಒಲೆಗೆ ಹಾಕಬೇಕಾಗಿತ್ತೇ? ಎರಡು ದಿನ ಇದನ್ನೇ ಯೋಚಿಸಿದೆ. ನನಗೆ ತೋರಿದ ಉತ್ತರ ಇದು: ಅಪ್ಪನ ಕೈಯಲ್ಲಿದ್ದ ನೂಲಿಗೂ ಈ ಮಕ್ಕಳ ಕೈಯಲ್ಲಿರುವ ನೂಲಿಗೂ ಇರುವ ಭೇದ ನೂಲಿನಲ್ಲಿಲ್ಲ. ಅರ್ಧಕ್ಕೆ ಬಿಟ್ಟು ಎದ್ದುಹೋಗುವ ಸ್ವಾತಂತ್ರ್ಯ ಅಪ್ಪನಿಗಿರಲಿಲ್ಲ, ಇವರಿಗಿದೆ. ಹುಡುಗ ಬತ್ತಿ ಹೊಸೆಯುತ್ತ ಹೊಸೆಯುತ್ತ ಬೆಕ್ಕಿನ ಹಿಂದೆ ಓಡಿದರೆ ಯಾರ ಒಲೆಯೂ ಆರುವುದಿಲ್ಲ. ಆದ್ದರಿಂದ ಮಕ್ಕಳಿಗೆ ಕೈಕೆಲಸ ಕೊಡುವ ತಾಯಿತಂದೆಯರೂ ಶಿಕ್ಷಕರೂ ಈ ಸ್ವಾತಂತ್ರ್ಯವನ್ನು ಕಸಿಯಬಾರದೆಂದು ನನ್ನ ಅಭಿಪ್ರಾಯ. ಅಂಕ ಕೊಡಬೇಡಿ, ಪ್ರದರ್ಶನಕ್ಕಿಡಬೇಡಿ, ಇಷ್ಟು ದಿನದಲ್ಲಿ ಇಷ್ಟು ಆಗಬೇಕೆನ್ನಬೇಡಿ. ಶಾಲೆಯ ಪ್ರಾಜೆಕ್ಟು ಎಂಬುದು ಈಗ ಏನಾಗಿದೆ? ರಾತ್ರಿ ಹನ್ನೊಂದು ಗಂಟೆಗೆ ತಾಯಿ ಅಂಟಿಸುತ್ತಾಳೆ, ಬೆಳಿಗ್ಗೆ ಮಗು ಹೊತ್ತುಕೊಂಡು ಹೋಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೆಯ ತರಗತಿಯವರೆಗೆ ಹತ್ತು ದಿನ ಚೀಲವಿಲ್ಲದೆ ಊರಿನ ಕುಶಲಕರ್ಮಿಗಳ ಬಳಿ ಕಲಿಯುವ ಮಾತನ್ನು ಆಡಿದೆ. ಮಾತು ಚೆನ್ನಾಗಿದೆ. ಆ ಹತ್ತು ದಿನಕ್ಕೂ ಒಂದು ವರದಿ, ವರದಿಗೊಂದು ಅಂಕ ಎಂದಾಗದಿದ್ದರೆ ಸಾಕು.

ಇನ್ನೊಂದು ಸಂಗತಿ. ಪಕ್ಕದ ಮನೆಯವರೊಬ್ಬರು ಬಂದು, “ಗಂಡುಹುಡುಗನ ಕಡೆ ಬತ್ತಿ ಹೊಸಿಸೂದೇನು?” ಎಂದು ನಕ್ಕುಹೋದರು. ಅದುವರೆಗೂ ಉತ್ಸಾಹದಲ್ಲಿದ್ದ ಹುಡುಗ ಅರಳೆಯನ್ನು ಅಕ್ಕನ ಕಡೆಗೆ ತಳ್ಳಿದ. ಒಂದು ನಗೆಗೆ ಎಷ್ಟು ಬಲ! ಹನ್ನೆರಡನೆಯ ಶತಮಾನದಲ್ಲಿ ನೂಲುವುದನ್ನೇ ಕಾಯಕ ಮಾಡಿಕೊಂಡಿದ್ದ ಕದಿರ ರೆಮ್ಮವ್ವೆ ಹೆಂಗಸು. ನೇಯ್ದು ಬದುಕಿದ ಜೇಡರ ದಾಸಿಮಯ್ಯ ಗಂಡಸು. ಹಾಸು ಹೊಕ್ಕು ಎರಡೂ ಸೇರದೆ ಬಟ್ಟೆಯಾಗುವುದಿಲ್ಲವೆಂದು ಹುಡುಗನಿಗೆ ಹೇಳಿದೆ. ಅವನಿಗೆ ಅದೇನೂ ಹಿಡಿಸಲಿಲ್ಲ. ಮರುದಿನ ನಾನೇ ಜಗಲಿಯ ಮೇಲೆ ಕುಳಿತು ಬತ್ತಿ ಹೊಸೆಯತೊಡಗಿದ ಮೇಲೆ ಬಂದು ಪಕ್ಕದಲ್ಲಿ ಕುಳಿತ.

ಅಪ್ಪ ಮಾತ್ರ ಒಂದು ವಾರ ಆ ಕಡೆ ತಿರುಗಿ ನೋಡಲಿಲ್ಲ. ಒಂದು ಸಂಜೆ ಹುಡುಗಿ ತನ್ನ ನೂಲನ್ನು ಗಜಕಡ್ಡಿಯಿಂದ ಅಳೆದು, ದಿನಕ್ಕೆ ಹನ್ನೆರಡು ಗಜ ಬರುತ್ತದೆಂದು ಕಂಡುಕೊಂಡು, “ಅಜ್ಜಾ, ಒಂದು ಸೀರಿಗೆ ಎಷ್ಟು ನೂಲು ಬೇಕು?” ಎಂದು ಕೇಳಿದಳು. ಅಪ್ಪ ಪತ್ರಿಕೆಯ ಹಿಂದಿನಿಂದಲೇ ಲೆಕ್ಕ ಕೊಟ್ಟರು. ಅಗಲ 45 ಅಂಗುಲ, ಅಂಗುಲಕ್ಕೆ 60 ಎಳೆಯೆಂದು ಹಿಡಿ. ಹಾಸಿಗೆ 2,700 ಎಳೆ, ಒಂದೊಂದೂ 6 ಗಜ, ಒಟ್ಟು 16,200 ಗಜ. ಹೊಕ್ಕಿಗೂ ಅಂಗುಲಕ್ಕೆ 60 ಹಿಡಿದರೆ ಮತ್ತೆ ಅಷ್ಟೇ. ಎರಡೂ ಸೇರಿ 32,400 ಗಜ, ಅಂದರೆ ಸುಮಾರು 30 ಕಿಲೋಮೀಟರು. ಹುಡುಗಿ ಕಾಗದದ ಮೇಲೆ ಹನ್ನೆರಡರಿಂದ ಭಾಗಿಸಿದಳು. 2,700 ದಿನ. ಏಳು ವರ್ಷಕ್ಕೂ ಮಿಗಿಲು.

ಅವಳು ಬಹಳ ಹೊತ್ತು ಆ ಅಂಕೆಯನ್ನು ನೋಡಿದಳು. ಆಮೇಲೆ, “ಹಂಗಾದ್ರ ಸೀರಿ ಇಷ್ಟು ಸೋವಿ ಯಾಕ, ಅಜ್ಜಾ?” ಎಂದಳು.

ಅಪ್ಪ ಪತ್ರಿಕೆಯನ್ನು ಕೆಳಗಿಟ್ಟರು. ಗಿರಣಿಯ ಕದಿರು, ವಿದ್ಯುತ್ ಮಗ್ಗ, ನೇಕಾರನ ಕೂಲಿ ಎಲ್ಲವನ್ನೂ ಹೇಳಬೇಕಾಯಿತು. ಹುಬ್ಬಳ್ಳಿಯಲ್ಲಿ ಅವಳ ಮನೆಗೆ ಹತ್ತಿರವೇ ಇರುವ ಬೆಂಗೇರಿಯಲ್ಲಿ ಕೈನೂಲಿನ ಖಾದಿಯಿಂದ ರಾಷ್ಟ್ರಧ್ವಜ ತಯಾರಾಗುವುದನ್ನೂ, 2021ರ ಡಿಸೆಂಬರಿನ ತಿದ್ದುಪಡಿಯಿಂದ ಯಂತ್ರದಲ್ಲಿ ನೇಯ್ದ ಬಟ್ಟೆ, ಪಾಲಿಯೆಸ್ಟರ್ ಸಹ ಧ್ವಜಕ್ಕೆ ಸಲ್ಲುವಂತಾದುದನ್ನೂ ನಾನು ಸೇರಿಸಿದೆ. ನಾಲ್ಕು ವರ್ಷ ಅರ್ಥಶಾಸ್ತ್ರವನ್ನೋದಿದರೂ ಕೇಳಬೇಕೆಂದು ನನಗೆ ಹೊಳೆಯದಿದ್ದ ಪ್ರಶ್ನೆಯನ್ನು ಅವಳು ಹನ್ನೆರಡು ಗಜ ನೂತು ಕೇಳಿದಳು. ಪೆಟ್ಟಿಗೆಯ ಗೂಬೆಯಿಂದ ಈ ಪ್ರಶ್ನೆ ಹುಟ್ಟುತ್ತಿರಲಿಲ್ಲ. ನನ್ನ ಪಕ್ಷಕ್ಕೆ ಇದಕ್ಕಿಂತ ಬೇರೆ ಸಾಕ್ಷಿಯನ್ನು ನಾನು ತರಲಾರೆ.

ಅಪ್ಪ ಸೋತರೆಂದು ವಾಚಕರು ತಿಳಿಯಬಾರದು. “ಏಳು ಹೊಡದ ಮ್ಯಾಲೆ ತಕಲಿ ಕೈಯಾಗ ಇರಬಾರದು” ಎಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಹುಡುಗಿಯ ಎಳೆ ಹರಿಯಿತು. ಅವಳು ಗಂಟು ಹಾಕಲು ಪರದಾಡುತ್ತಿರುವುದನ್ನು ನೋಡಿ, ಅಪ್ಪ ಎರಡೂ ತುದಿಗಳನ್ನು ಎಡಗೈಯಲ್ಲಿ ಹಿಡಿದು, ಹೆಬ್ಬೆರಳನ್ನು ಒಮ್ಮೆ ಹೊರಳಿಸಿದರು, ಗಂಟು ಬಿದ್ದಿತ್ತು. ಹೇಗೆ ಮಾಡಿದಿರಿ, ಮತ್ತೊಮ್ಮೆ ತೋರಿಸಿರೆಂದು ಮಕ್ಕಳು ದುಂಬಾಲು ಬಿದ್ದರು. ತೋರಿಸಲಿಲ್ಲ. ಊಟಕ್ಕೆ ಎದ್ದರು.

ಮಕ್ಕಳು ಹೊರಡುವಾಗ ಹತ್ತೊಂಬತ್ತು ಬತ್ತಿ, ಅಂಕುಡೊಂಕಾದ ಒಂದು ಸಣ್ಣ ಉಂಡೆ ನೂಲು, ಅರ್ಧ ಹೆಣೆದ ಒಂದು ಕಾಲೊರಸು, ಡಬ್ಬಿ ತುಂಬ ಹತ್ತಿಬೀಜ ಕೊಂಡೊಯ್ದರು. ಗೂಬೆ ಕಿಟಕಿಯ ಮೇಲೆಯೇ ಉಳಿಯಿತು. ದೀಪಾವಳಿಯ ರಾತ್ರಿ ಅಕ್ಕ ಫೋನು ಮಾಡಿದ್ದಳು. ಹತ್ತೊಂಬತ್ತರಲ್ಲಿ ಎಂಟು ಬತ್ತಿ ಚೆನ್ನಾಗಿ ಉರಿದುವಂತೆ, ಮಿಕ್ಕವು ಹೊತ್ತಿದ ಕೂಡಲೇ ನಂದಿದುವಂತೆ. ಹುಡುಗ ಅಳುತ್ತಿದ್ದ. ಪಕ್ಕದಲ್ಲಿ ಕುಳಿತಿದ್ದ ಅಪ್ಪ ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು, “ಬಿಗಿ ಹೊಸದ್ರ ಎಣ್ಣಿ ಏರೂದಿಲ್ಲ. ಸಡ್ಲ ಹೊಸಿ” ಎಂದರು.